ಮುಚ್ಚಿದ ಲಾರಿಯೊಳಗೆ ಮುಕ್ಕಾಲು ಗಂಟೆ

ಬೆಳಗಿನ ಐದೂವರೆ. ಶಿರ್ವದ ಒಂದು ಹಂಚಿನ ಮನೆಯ ಅಂಗಳದಲ್ಲಿ ಬಸ್ಸಿನಷ್ಟು ಉದ್ದದ ಬಿಳಿಯ ಲಾರಿ ನಿಂತಿದೆ. ಅದರ ಹೊಟ್ಟೆಯಡಿ, ಏಸಿ ನಡೆಸುವ ಸಣ್ಣ ಪೆಟ್ರೋಲ್ ಎಂಜಿನೊಂದು ಓಡುತ್ತಿದೆ. ಲಾರಿಯ ಬಾಗಿಲು, ಕಿಟಕಿ ಎಲ್ಲ ಮುಚ್ಚಿವೆ. ಒಳಗೆ, ರೋಗಿಗಳು ಮಲಗುವ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಒಬ್ಬರೇ ಕುಳಿತಿದ್ದಾರೆ. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಪೆನ್ಸಿಲು. ಮೊಣಕಾಲ ಮೇಲೆ ಶಾಲೆಯ ಮಕ್ಕಳ ನೋಟುಪುಸ್ತಕ.

ಹೊರಗಿನಿಂದ ಯಾರೋ ಸ್ಪ್ಯಾನರಿನಿಂದ ತಗಡಿಗೆ ಮೂರು ಸಲ ಬಡಿಯುತ್ತಾರೆ. ಒಳಗಿನವರು ಬೆರಳ ಗೆಣ್ಣಿನಿಂದ ಮೂರು ಸಲ ಬಡಿದು ಉತ್ತರ ಕೊಡುತ್ತಾರೆ. ಕೊಟ್ಟು ಪುಸ್ತಕದಲ್ಲಿ ತಮ್ಮ ಹೆಸರು ಬರೆಯುತ್ತಾರೆ: ಲಿಗೋರಿ ನೊರೊನ್ಹಾ. ಐದು ನಿಮಿಷ ಬಿಟ್ಟು ಮತ್ತೆ ಬಡಿತ, ಮತ್ತೆ ಉತ್ತರ, ಮತ್ತೆ ಹೆಸರು. ಅಕ್ಷರ ಸೊಟ್ಟಗಾದರೆ ಎದ್ದು ಹೊರಗೆ ಬರಬೇಕು. ಉತ್ತರ ಬಾರದೆ ಹೋದರೆ ಹೊರಗಿರುವ ಚಾಲಕ ಕೂಸಪ್ಪ ಕೇಳದೆ ಹೇಳದೆ ಬಾಗಿಲು ತೆರೆದು, ಎಂಜಿನು ನಿಲ್ಲಿಸಿ, ಅವರನ್ನು ಎಳೆದು ಹಾಕಬೇಕು. ಹೀಗೆ ಮುಕ್ಕಾಲು ಗಂಟೆ. ಅಡಿಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ಅಪೊಲೋನಿಯಾರ ಕೈಯಲ್ಲಿ ಜಪಸರ ಇದೆ. ಒಂದೊಂದು ಸಲ ಒಳಗಿನ ಉತ್ತರ ಅರೆಕ್ಷಣ ತಡವಾಗುತ್ತದೆ. ಆಗ ಆಕೆಯ ತುಟಿ ನಿಂತುಬಿಡುತ್ತದೆ.

ಲಿಗೋರಿಯವರಿಗೆ ಈಗ ಐವತ್ತೆರಡು ವರ್ಷ. ಕಾರ್ಕಳದ ಒಂದು ಧರ್ಮಸಂಸ್ಥೆ ನಡೆಸುವ ಸಂಚಾರಿ ನೇತ್ರಚಿಕಿತ್ಸಾ ವಾಹನದ ಹವಾನಿಯಂತ್ರಣ ಅವರ ಜವಾಬ್ದಾರಿ. ಊರವರಿಗೆ ಅದು ‘ಕಣ್ಣಿನ ಲಾರಿ’. ಪೆರ್ಡೂರು, ಕಲ್ಯಾಣಪುರ, ಕಾಪು ಎಂದು ತಿಂಗಳಿಗೆ ಆರು ಶಿಬಿರ. ಮಣಿಪಾಲದಿಂದ ಬರುವ ಡಾಕ್ಟರರು ಈ ಲಾರಿಯೊಳಗೇ ಪೊರೆಯ ಆಪರೇಷನ್ ಮಾಡುತ್ತಾರೆ. ಆರು ವರ್ಷಗಳಲ್ಲಿ ಎರಡು ಸಾವಿರದ ಐನೂರು ಕಣ್ಣುಗಳಾಗಿವೆ. ಡಾಕ್ಟರರಿಗೆ ಹಾರ ಬಿದ್ದಿದೆ, ಸಂಸ್ಥೆಗೆ ಮಾನಪತ್ರ ಸಿಕ್ಕಿದೆ. ಲಾರಿಯಡಿ ಗೋಣಿ ಹಾಸಿ ಮಲಗಿ ಕೆಲಸ ಮಾಡುವವರ ಕಾಲು ಮಾತ್ರ ಜನರಿಗೆ ಕಾಣುತ್ತದೆ.

1981ರಲ್ಲಿ ಲಾರಿ ಬಂದಾಗ ಅದರ ಬಣ್ಣ ಕಡು ಹಸಿರು. ಶಾಲೆಯ ಬಯಲಲ್ಲಿ ಬಿಸಿಲಿಗೆ ನಿಂತರೆ ಒಲೆಯ ಮೇಲಿಟ್ಟ ಹೆಂಚಿನಂತೆ ಕಾಯುತ್ತಿತ್ತು. ಹೊರಗೆ ಮೂವತ್ತಾರು ಡಿಗ್ರಿಯಾದರೆ ಯಂತ್ರ ಓಡಿಯೂ ಒಳಗೆ ಮೂವತ್ತೈದು. ಡಾಕ್ಟರರ ಹಣೆಯ ಬೆವರು ರೋಗಿಯ ತೆರೆದ ಕಣ್ಣಿಗೆ ಬೀಳದಂತೆ ಒರೆಸುವುದಕ್ಕೆಂದೇ ನರ್ಸ್ ವಾರಿಜಾ ನಿಂತಿರಬೇಕಿತ್ತು. ಮಾರ್ಚಿನಿಂದ ಮೇ ತನಕ ಶಿಬಿರ ನಿಲ್ಲಿಸುವುದೆಂದು ಸಂಸ್ಥೆ ನಿರ್ಧರಿಸಿದ್ದಾಗಲೇ, ಬಹರೈನಿನಲ್ಲಿ ಒಂಬತ್ತು ವರ್ಷ ಲಾರಿಗಳ ಏಸಿ ರಿಪೇರಿ ಮಾಡಿದ ಶಿರ್ವದವರೊಬ್ಬರು ಊರಿಗೆ ಮರಳಿದ್ದಾರೆಂದು ಯಾರೋ ಹೇಳಿದರು.

ಅವರು ಮರಳಿದ್ದಕ್ಕೆ ಒಂದು ಕಾರಣವಿತ್ತು. 1979ರ ಬೇಸಿಗೆಯಲ್ಲಿ, ಮುಚ್ಚಿದ ಶೆಡ್ಡಿನಲ್ಲಿ, ಚಾಲಕನೊಬ್ಬ ಎಂಜಿನು ಓಡಲು ಬಿಟ್ಟು ಏಸಿಯ ತಂಪಿಗೆ ಗಾಡಿಯಲ್ಲೇ ಮಲಗಿದ್ದ. ಚಹಾಕ್ಕೆ ಕರೆಯಲು ಹೋದ ಲಿಗೋರಿ ಬಾಗಿಲು ತೆರೆದರು. “ಮುಖ ಕೆಂಪಗಿತ್ತು. ಒಳ್ಳೆ ಆರೋಗ್ಯದವರ ಹಾಗೆ. ನಾನು ಭುಜ ಅಲುಗಾಡಿಸಿ ಎರಡು ಸಲ ಹೆಸರು ಕರೆದೆ” ಎನ್ನುತ್ತಾರೆ. ಮೂರನೆಯ ಸಲ ಕರೆಯಲಿಲ್ಲ. ಎಂಜಿನಿನ ಹೊಗೆ ಕುಡಿದು ಆತ ಸತ್ತಿದ್ದ. ಮರು ವರ್ಷ ಕರಾರು ಮುಗಿದದ್ದೇ ಊರಿಗೆ ಬಂದುಬಿಟ್ಟರು. ಶಿರ್ವದಲ್ಲಿ ಗಲ್ಫಿನವರ ಮಹಡಿಮನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಇವರದು ಹಂಚಿನ ಮನೆಯಾಗಿಯೇ ಉಳಿಯಿತು.

ಕಣ್ಣಿನ ಲಾರಿಯ ಕೆಲಸವನ್ನು ಅವರು 1983ರ ಫೆಬ್ರವರಿಯಲ್ಲಿ ಹಿಡಿದರು. ಬಿಸಿಯನ್ನು ಹೊರಹಾಕುವ ಕಂಡೆನ್ಸರು ಲಾರಿಯ ಹೊಟ್ಟೆಯಡಿ ಇತ್ತು. ಕಾಪುವಿನ ಉಪ್ಪುಗಾಳಿಗೂ ರಸ್ತೆಯ ಕೆಮ್ಮಣ್ಣಿಗೂ ಅದರ ತೆಳು ಅಲ್ಯೂಮಿನಿಯಂ ಎಲೆಗಳು ಮಡಚಿ ಕಟ್ಟಿಕೊಂಡಿದ್ದವು. ಅಪೊಲೋನಿಯಾರ ಬಾಚಣಿಗೆಯಿಂದಲೇ ಅವನ್ನು ಒಂದೊಂದಾಗಿ ನೆಟ್ಟಗೆ ಮಾಡಿದರು. ಸೋರಿದ ಗ್ಯಾಸು ತುಂಬಿಸಿದರು. ಬಾಗಿಲು, ಕಿಟಕಿಯ ಸಂದುಗಳಿಗೆಲ್ಲ ರಬ್ಬರು ಕೊಟ್ಟರು. ಚಾವಣಿಯಲ್ಲಿ ಹೊರಗಾಳಿ ಬರುವ ಒಂದು ಕಿಂಡಿಯಿತ್ತು. ಬಿಸಿಗಾಳಿ ಬರುವುದು ಅಲ್ಲಿಂದಲೇ ಎಂದು ಅದಕ್ಕೂ ತಗಡು ಬಡಿದರು. ಮಾರ್ಚಿನ ಮೊದಲ ಶಿಬಿರದಲ್ಲಿ ಮಟಮಟ ಮಧ್ಯಾಹ್ನ ಒಳಗೆ ಇಪ್ಪತ್ತೈದು ಡಿಗ್ರಿ. ಡಾಕ್ಟರರು ಹೊರಗೆ ಬಂದು ಕೈ ಕುಲುಕಿದರು. ತಮ್ಮ ಕೆಲಸಕ್ಕೆ ಯಾರಾದರೂ ಕೈ ಕುಲುಕಿದ್ದು ಅದೇ ಮೊದಲು ಎಂದು ಲಿಗೋರಿ ನೆನೆಯುತ್ತಾರೆ, ಆದರೆ ನೆನೆಯುವಾಗ ಮುಖ ತಗ್ಗಿಸುತ್ತಾರೆ.

ಏಪ್ರಿಲ್ ಕೊನೆಯ ವಾರ, ಕಾಪು. ಗಾಳಿ ಅಲುಗದ ಮಧ್ಯಾಹ್ನ. ಅಂದಿನ ಐದನೆಯ ರೋಗಿ ಮೀನು ಮಾರುವ ಅಪ್ಪಿ, ಅರವತ್ತರ ಆಸುಪಾಸಿನ ಹೆಂಗಸು. ಒಳಗೆ ಡಾಕ್ಟರರು, ವಾರಿಜಾ, ಮೇಜಿನ ಮೇಲೆ ಅಪ್ಪಿ, ಮೂಲೆಯ ಬೆಂಚಿನಲ್ಲಿ ಮುಂದಿನ ರೋಗಿ. ಬೆಳಗಿನಿಂದ ತಲೆ ಸಿಡಿಯುತ್ತಿದೆ ಎಂದು ವಾರಿಜಾ ಒಮ್ಮೆ ಹೇಳಿದ್ದರು. ಉಪವಾಸದ ಪರಿಣಾಮ ಎಂದುಕೊಂಡು ಸುಮ್ಮನಾಗಿದ್ದರು. ಅಪ್ಪಿ ಒಂದಿಷ್ಟೂ ಮಿಸುಕದೆ ಮಲಗಿದ್ದಕ್ಕೆ ಡಾಕ್ಟರರಿಗೆ ಸಂತೋಷವೇ ಆಗಿತ್ತು.

ಉಷ್ಣಮಾಪಕ ನೋಡಲೆಂದು ಲಿಗೋರಿ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದರು. ಇಪ್ಪತ್ತೈದು. ಮುಚ್ಚಬೇಕು ಎನ್ನುವಾಗ ವಾರಿಜಾ ಅವರತ್ತ ತಿರುಗಿದರು. ಏನೋ ಹೇಳಲು ಹೋದರು, ಮಾತು ತೊದಲಿತು. ಮುಖ ಕೆಂಪಗಿತ್ತು.

ಲಿಗೋರಿಗೆ ಬಹರೈನಿನ ಆ ಚಾಲಕನ ಮುಖ ನೆನಪಾಯಿತು. ಎರಡೂ ಬಾಗಿಲನ್ನು ಹಾರುಹೊಡೆದು, ಎಂಜಿನು ನಿಲ್ಲಿಸಲು ಕೂಸಪ್ಪನಿಗೆ ಕೂಗಿ, ಒಳಗೆ ನುಗ್ಗಿದರು. ಬೆಂಚಿನಲ್ಲಿದ್ದ ಮುದುಕ ಗೋಡೆಗೊರಗಿ ಬಾಯಿ ತೆರೆದಿದ್ದ. ಡಾಕ್ಟರರು ಅಪ್ಪಿಯ ಕಣ್ಣಿಗೆ ಪಟ್ಟಿ ಕಟ್ಟಿ ಮುಗಿಸಿ, ಕತ್ತರಿ ಎಲ್ಲಿಟ್ಟೆನೆಂದು ಕೈಯಲ್ಲೇ ಹಿಡಿದುಕೊಂಡು ಹುಡುಕುತ್ತಿದ್ದರು. ಒಬ್ಬೊಬ್ಬರನ್ನೇ ಇಳಿಸಿ ಮಾವಿನ ಮರದ ನೆರಳಿಗೆ ತಂದರು. ಡಾಕ್ಟರರು, ವಾರಿಜಾ, ಮುದುಕ ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡರು. ಅಪ್ಪಿ ಏಳಲಿಲ್ಲ.

ಸಿಕ್ಕಿದ ಕಾರಿನಲ್ಲಿ ಆಕೆಯನ್ನು ಉಡುಪಿಗೆ ಒಯ್ದರು. ಆಮ್ಲಜನಕ ಕೊಟ್ಟರು. ಲಿಗೋರಿ ಆ ದಿನ ಉಡುಪಿಗೆ ಹೋಗಲಿಲ್ಲ. ಹೋಗಲು ಧೈರ್ಯ ಸಾಲಲಿಲ್ಲ. ಲಾರಿಯಡಿ ಮಲಗಿ ಹುಡುಕಿದರು. ಎಂಜಿನಿನ ಹೊಗೆಕೊಳವೆ ಕುಲುಕಾಟಕ್ಕೆ ಬೆಸುಗೆಯ ಬಳಿ ಬಿರಿದಿತ್ತು. ಅದರ ಮೇಲೇ, ತಂಪಿನ ಕೊಳವೆ ಒಳಗೆ ಹೋಗುವ ತೂತು, ಎರಡು ಬೆರಳು ಹಿಡಿಯುವಷ್ಟು. ಮೇಲಿನ ಕಿಂಡಿ, ಸಂದುಗೊಂದುಗಳನ್ನೆಲ್ಲ ಅವರೇ ಮುಚ್ಚಿದ್ದರು. ಫ್ಯಾನಿಗೆ ಹೊರಗಿನಿಂದ ಗಾಳಿ ಎಳೆಯಲು ಉಳಿದದ್ದು ಅದೊಂದೇ ದಾರಿ. ಒಳಗಿನ ಸ್ಪಿರಿಟ್ಟಿನ ವಾಸನೆಯಲ್ಲಿ ಹೊಗೆಯ ವಾಸನೆ ಯಾರ ಮೂಗಿಗೂ ಬಡಿದಿರಲಿಲ್ಲ.

“ಒಲೆಯ ಹೊಗೆಯಾದರೆ ಕಣ್ಣು ಉರಿಯುತ್ತದೆ, ಓಡಬಹುದು. ಎಂಜಿನಿನ ಹೊಗೆಯಲ್ಲಿರುವ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆ ಬಂದ ಹಾಗೆ ಬರುತ್ತದೆ” ಎನ್ನುತ್ತಾರೆ ಲಿಗೋರಿ. “ನನಗೆ ಗೊತ್ತಿತ್ತು. ಕಣ್ಣಾರೆ ಕಂಡವನು ನಾನು. ಆದರೂ ಡಿಗ್ರಿ ನೋಡುತ್ತಾ ನೋಡುತ್ತಾ ಮನುಷ್ಯರನ್ನು ನೋಡಲಿಕ್ಕೆ ಮರೆತೆ.”

ಸಂಜೆ ಏಳರ ತನಕ ಸುದ್ದಿಯಿಲ್ಲ. ಕೂಸಪ್ಪ ಸೈಕಲ್ಲಿನಲ್ಲಿ ಅಂಚೆ ಕಚೇರಿಯ ಟೆಲಿಫೋನಿಗೂ ಬಯಲಿಗೂ ನಾಲ್ಕು ಸಲ ಓಡಾಡಿದ. ಲಿಗೋರಿ ಲಾರಿಯ ಮೆಟ್ಟಿಲ ಮೇಲೆ ಕುಳಿತೇ ಇದ್ದರು. ಅಪ್ಪಿಯ ಮೀನಿನ ಬುಟ್ಟಿ ಮರದಡಿ ಉಳಿದಿತ್ತು. ಅದರತ್ತ ನೋಡಲೂ ಆಗದೆ, ನೋಡದಿರಲೂ ಆಗದೆ ಕಳೆದ ಆ ಆರು ತಾಸು ಬಹರೈನಿನ ಒಂಬತ್ತು ವರ್ಷಕ್ಕಿಂತ ಉದ್ದವಾಗಿತ್ತಂತೆ. ಏಳು ಗಂಟೆಗೆ ಕೂಸಪ್ಪ ಐದನೆಯ ಸಲ ಬಂದು ಸೈಕಲ್ಲು ನಿಲ್ಲಿಸುವ ಮೊದಲೇ ಹೇಳಿದ, “ಲಿಗೋರಿ ಪೊರ್ಬುಗಳೇ, ಅಪ್ಪಿ ಕಣ್ಣು ಬಿಟ್ಟರಂತೆ. ನೀರು ಕೇಳಿದರಂತೆ.” ಲಿಗೋರಿ ಎದ್ದು ಹೋಗಿ ಮರದಡಿಯ ಬುಟ್ಟಿಯನ್ನು ಎತ್ತಿ ತಂದರು.

ಮರುದಿನ ಅವರು ಕಾರ್ಕಳಕ್ಕೆ ಹೋಗಿ ಸಂಸ್ಥೆಯ ಕಾರ್ಯದರ್ಶಿ ಉಮಾನಾಥರ ಎದುರು ಎಲ್ಲವನ್ನೂ ಹೇಳಿದರು. ಉಮಾನಾಥರು ಒಳ್ಳೆಯ ಮನಸ್ಸಿನಿಂದಲೇ, ಎಂಜಿನು ಹಳೆಯದಾಗಿ ಕೊಳವೆ ಬಿರಿಯಿತೆಂದು ವರದಿ ಬರೆದರೆ ಸಾಕು, ಯಾರ ಹೆಸರೂ ಬೇಡ ಎಂದರು. ಲಿಗೋರಿ ಒಪ್ಪಲಿಲ್ಲ. ಕಿಂಡಿ ಮುಚ್ಚಿದ್ದು ತಾನು, ತೂತು ಬಿಟ್ಟದ್ದು ತಾನು ಎಂದು ಬರೆದು ಸಹಿ ಹಾಕಿ ಕೊಟ್ಟರು. ಇನ್ನು ಆ ಲಾರಿಯನ್ನು ಮುಟ್ಟುವುದಿಲ್ಲ ಎಂದೂ ಹೇಳಿದರು.

ಒಂದು ವಾರದ ಮೇಲೆ ಶಿರ್ವದ ಮನೆಗೆ ವಾರಿಜಾ ಬಂದರು. ಅಪೊಲೋನಿಯಾ ಕೊಟ್ಟ ನಿಂಬೆ ಶರಬತ್ತು ಕುಡಿದು, ಸುತ್ತುಬಳಸದೆ ಕೇಳಿದರು. “ನಿಮ್ಮಷ್ಟು ಹೆದರಿದವರು ಬೇರೆ ಯಾರಿದ್ದಾರೆ ಹೇಳಿ? ಹೊಸಬರು ಬಂದರೆ ಅವರಿಗೆ ಎಂತ ಗೊತ್ತುಂಟು? ನಾಳೆ ಆ ಬಾಗಿಲು ಹಾಕಿಕೊಳ್ಳುವವಳು ನಾನು. ನೀವು ನೋಡಿದ ಲಾರಿಯಾದರೆ ಮಾತ್ರ ಹಾಕಿಕೊಳ್ಳುತ್ತೇನೆ.”

ಲಿಗೋರಿ ಕೆಲಸಕ್ಕೆ ಮರಳಿದರು. ಮೊದಲು ಬಡಿದ ತಗಡು ಕಿತ್ತು ಕಿಂಡಿ ತೆರೆದರು. ತೂತು ಮುಚ್ಚಿದರು. ಹೊಗೆಕೊಳವೆಯನ್ನು ಲಾರಿಯ ಹಿಂಬದಿಯಿಂದ ಏರಿಸಿ ಚಾವಣಿಗಿಂತ ಒಂದು ಆಳೆತ್ತರಕ್ಕೆ ಒಯ್ದರು. ಉಸಿರು ಸುರಕ್ಷಿತವಾಯಿತು, ಆದರೆ ಒಳಗೆ ಮತ್ತೆ ಮೂವತ್ತು ಡಿಗ್ರಿ. ಆ ಬಿಸಿಯನ್ನು ಇಳಿಸಲು ಒಂದೂವರೆ ವರ್ಷ ಹಿಡಿಯಿತು. ಕಿಂಡಿಗೆ ಲಾವಂಚದ ಒದ್ದೆ ತಟ್ಟಿ ಕಟ್ಟಿ ನೋಡಿದರು. ಕಾರ್ಕಳದಲ್ಲಿ ತುಸು ಫಲ ಸಿಕ್ಕಿತು. ಕಾಪುವಿನಲ್ಲಿ ಏನೂ ಆಗಲಿಲ್ಲ. ತೊಳೆದ ಬಟ್ಟೆಯೇ ಒಣಗದ ಕಡಲತಡಿಯಲ್ಲಿ ಒದ್ದೆ ತಟ್ಟಿಯಿಂದ ತಂಪು ಹುಟ್ಟುವುದಾದರೂ ಹೇಗೆ? ಕೊನೆಗೆ ಕಂಡೆನ್ಸರನ್ನು ಹೊಟ್ಟೆಯಡಿಯಿಂದ ಕಿತ್ತು ಚಾಲಕನ ತಲೆಯ ಮೇಲಕ್ಕೆ ಏರಿಸಿದರು. ಚಾವಣಿಯ ಮೇಲೆ ಒಂದು ಗೇಣು ಬಿಟ್ಟು ಇನ್ನೊಂದು ತಗಡಿನ ಚಾವಣಿ ಹೊದಿಸಿದರು. ಬಿಸಿಲು ಮೇಲಿನದನ್ನು ಸುಟ್ಟರೂ ನಡುವೆ ಗಾಳಿ ಹಾಯುತ್ತದೆ. ಇಡೀ ಲಾರಿಗೆ ಬಿಳಿ ಬಣ್ಣ ಬಳಿದರು. ಕಡಲ ಕಡೆಯ ಪ್ರತಿ ಶಿಬಿರದ ನಂತರ ಎಂಟು ಕೊಡ ಸಿಹಿನೀರಿನಲ್ಲಿ ಕಂಡೆನ್ಸರಿನ ಉಪ್ಪು ತೊಳೆಯುವುದು ಇಂದಿಗೂ ತಪ್ಪಿಲ್ಲ. ಈಗ ಮೇ ತಿಂಗಳ ನಡು ಮಧ್ಯಾಹ್ನವೂ ಒಳಗೆ ಇಪ್ಪತ್ತಾರು ಡಿಗ್ರಿ. ಹಿಂದಿಗಿಂತ ಒಂದು ಡಿಗ್ರಿ ಹೆಚ್ಚು. “ಆ ಒಂದು ಡಿಗ್ರಿ ಉಸಿರಿನ ಪಾಲು. ಅದನ್ನು ಇಳಿಸಲಿಕ್ಕೆ ನಾನು ಹೋಗುವುದಿಲ್ಲ” ಎನ್ನುತ್ತಾರೆ.

ಶಿಬಿರದ ಹಿಂದಿನ ಸಂಜೆ ಲಾರಿ ಅವರ ಅಂಗಳಕ್ಕೆ ಬರುತ್ತದೆ. ಬೆಳಿಗ್ಗೆ ತಾವು ಮುಕ್ಕಾಲು ಗಂಟೆ ಒಳಗೆ ಕೂರದೆ ಯಾರನ್ನೂ ಹತ್ತಿಸುವುದಿಲ್ಲ. ನಾಲ್ಕು ವರ್ಷದಲ್ಲಿ ಇನ್ನೂರ ಎಪ್ಪತ್ತಕ್ಕೂ ಹೆಚ್ಚು ಬೆಳಗು ಹೀಗೆ ಕಳೆದಿವೆ. ಅಭ್ಯಾಸವಾದರೂ ಹೆದರಿಕೆ ತಗ್ಗಿಲ್ಲ. ಹಸಿವಾದರೂ ತಲೆ ಭಾರವಾಗುತ್ತದೆ, ನಿದ್ದೆ ಕೆಟ್ಟರೂ ಆಗುತ್ತದೆ. ಇದು ಯಾವುದು ಎಂದು ಗೊಂದಲವಾಗಬಾರದೆಂದು ಶಿಬಿರದ ಹಿಂದಿನ ದಿನ ಎಂಟಕ್ಕೇ ಉಂಡು ಮಲಗುತ್ತಾರೆ. ಹೋದ ಜನವರಿಯಲ್ಲಿ ಏಳನೆಯ ಬಡಿತದ ಹೊತ್ತಿಗೆ ‘ನೊರೊನ್ಹಾ’ದ ಕೊನೆಯ ಅಕ್ಷರ ಗೆರೆಯಿಂದ ಕೆಳಗಿಳಿಯಿತು. ತಕ್ಷಣ ಹೊರಬಂದು ಹುಡುಕಿದರೆ, ಹೊಗೆಕೊಳವೆಯ ತಿರುವಿನಲ್ಲಿ ಕೂದಲೆಳೆಯಷ್ಟು ಬಿರುಕು. ಅಂದು ಪೆರ್ಡೂರಿನ ಶಿಬಿರ ಮೂರು ತಾಸು ತಡವಾಯಿತು. ಕಾದವರು ಗೊಣಗಿದರು. ಕಾರಣ ಏನೆಂದು ಯಾರಿಗೂ ಹೇಳಲಿಲ್ಲ.

ಅಪ್ಪಿ ಈಗಲೂ ಕಾಪುವಿನ ಮನೆಮನೆಗೆ ಬುಟ್ಟಿ ಹೊತ್ತು ಹೋಗುತ್ತಾರೆ. ನಡೆದದ್ದನ್ನು ಲಿಗೋರಿಯೇ ಅವರ ಮನೆಗೆ ಹೋಗಿ ಹೇಳಿದ್ದಾರೆ. ಅಪ್ಪಿಗೆ ಸಿಟ್ಟೇನೂ ಬರಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ಒಳ್ಳೆಯ ನಿದ್ದೆ ಬಂದದ್ದು ಅದೊಂದೇ ದಿನ ಎಂದು ನಕ್ಕರಂತೆ. ಆಕೆ ಸಿಕ್ಕಾಗಲೆಲ್ಲ ಅದನ್ನೇ ಹೇಳುತ್ತಾರೆ. ಲಿಗೋರಿಗೆ ಒಂದು ಸಲವೂ ನಗಲಾಗಿಲ್ಲ.

ಈಚೆಗೆ ಲಿಗೋರಿಯವರ ಎಡಗಣ್ಣಿಗೂ ಪೊರೆ ಬಂದಿದೆ. ಮಣಿಪಾಲಕ್ಕೆ ಬನ್ನಿ, ದೊಡ್ಡ ಕೋಣೆಯಲ್ಲಿ ಮಾಡಿಬಿಡೋಣ ಎಂದು ಡಾಕ್ಟರರು ಕರೆದಿದ್ದಾರೆ. ಅಪೊಲೋನಿಯಾರ ಆಸೆಯೂ ಅದೇ. ಆದರೆ ಲಿಗೋರಿ ಬರುವ ಮೇ ತಿಂಗಳ ಕಾಪು ಶಿಬಿರದ ಪಟ್ಟಿಯಲ್ಲಿ ತಮ್ಮ ಹೆಸರು ಬರೆಸಿದ್ದಾರೆ. ಹೆದರಿಕೆ ಇಲ್ಲವೇ ಎಂದು ಕೇಳಿದರೆ ಮರೆಮಾಚುವುದಿಲ್ಲ.

“ಉಂಟು. ತುಂಬಾ ಉಂಟು” ಎನ್ನುತ್ತಾರೆ. “ಆದರೆ ಬೇರೆಯವರನ್ನು ಅದರಲ್ಲಿ ಕಣ್ಣು ಮುಚ್ಚಿ ಮಲಗಿಸಿದವನು ನಾನು. ನಾನೂ ಒಮ್ಮೆ ಮಲಗಬೇಕಲ್ವಾ?”