ತೆಗೆಯದೆ ಉಳಿದ ಸಾಲು

ಫ್ರಾಂಕ್‌ಫರ್ಟಿನ ಆ ಕಚೇರಿಯ ಗೋಡೆ ಬೂದು ಬಣ್ಣದ್ದು, ಬಿಳಿಯೂ ಇದ್ದಿರಬಹುದು. ನನ್ನ ಧಾರವಾಡದ ಗೆಳತಿ ಸುಧಾ ಒಳಗೆ ಹೋಗಿ ಪ್ರಮಾಣವಚನ ಓದಿದರೆ ಜರ್ಮನಿಯ ಪ್ರಜೆ. ಭಾರತದ ಪೌರತ್ವ ಅಲ್ಲಿಗೆ ಮುಗಿಯಿತು. ಕಾಯುತ್ತ ಕೂತ ಅವಳ ಮಗಳು ಮೀರಾ ಹೆಸ್ಸೆನ್ ರಾಜ್ಯದ ಸಂವಿಧಾನದ ಹಳೆಯ ಪ್ರತಿಯೊಂದನ್ನು ತಿರುವುತ್ತಿದ್ದಳು.

"ಮಮ್ಮಿ, ಇಲ್ಲೆ ಟೋಡೆಸ್‌ಸ್ಟ್ರಾಫೆ ಅದ!"

"ಮರಣದಂಡನೆ? ಸುಮ್ನ ಇರ," ಎಂದು ಸುಧಾ ಇಣುಕಿದಳು. ನಿಜವಾಗಿಯೂ ಇತ್ತು.

ಮೇಜಿನ ಹಿಂದಿದ್ದ ಹೆಂಗಸು ನಕ್ಕಳು. ದೇಶದ ಕಾನೂನು ಅದನ್ನು ಎಂದೋ ರದ್ದು ಮಾಡಿತ್ತಂತೆ. ಆದರೂ ರಾಜ್ಯದ ಸಂವಿಧಾನದಲ್ಲಿ ಆ ಸಾಲು ದಶಕಗಳ ಕಾಲ ಹಾಗೇ ಇತ್ತು, ತೆಗೆದದ್ದು ಈಚೆಗೆ.

"ಸತ್ತದ್ದು ಇಷ್ಟ ವರ್ಷ ಮನ್ಯಾಗ ಕೂತಿತ್ತೇನ?" ಸುಧಾ ನನ್ನ ಕೈ ಹಿಡಿದಳು. "ಹಂಗಾರ ನಾನೂ ಒಳಗೆಲ್ಲೋ ಧಾರವಾಡದಾಕಿ ಆಗೇ ಉಳೀತೀನಿ ಬಿಡು."

ಮುದುಕ ಅಧಿಕಾರಿಯೊಬ್ಬ ಬಾಗಿಲು ತೆರೆದು ಅವಳನ್ನು ಕರೆದ. ಒಳಗೆ ಬೇರೆ ಯಾರೂ ಇರಲಿಲ್ಲ. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಹೆಂಗಸಿನ ದನಿಯೊಂದು ಜರ್ಮನ್‌ನಲ್ಲಿ ಪ್ರಮಾಣವಚನ ಓದತೊಡಗಿತು, ಎಲ್ಲೂ ತಡವರಿಸದೆ.

"ಅಮ್ಮ ಓದ್ತಿದಾಳೆ ಕೇಳು," ಎಂದೆ.

ಮೀರಾ ಪುಸ್ತಕ ಮಡಚಿ ಆಲಿಸಿದಳು.

"ಅಲ್ಲ ಆಂಟಿ, ಮಮ್ಮಿ ಹಿಂಗ ಮಾತಾಡಂಗಿಲ್ಲ. ಒಳಗ ಯಾರದಾರ?"