ದುಭಾಷಿಯ ತಪ್ಪು

ದೇಶಕ್ಕೆ ಸಾಲ ಕೊಟ್ಟ ಹೊರಗಿನ ಬ್ಯಾಂಕು ಸರ್ಕಾರಿ ಕಾರ್ಖಾನೆಗಳನ್ನೆಲ್ಲ ಮಾರಿ ಎಂದಿತ್ತು. ಮಾರಲಿಕ್ಕೆಂದೇ ಒಂದು ಇಲಾಖೆ ಹುಟ್ಟಿತು. ಅಲ್ಲಿಗೆ ಮೊದಲು ಬಂದದ್ದು ಚರ್ಮದ ಸೋಫಾ, ಕಾನೂನು ಆಮೇಲೆ. ಶಾಲೆಯಲ್ಲಿ ವಿದೇಶಿ ಭಾಷೆ ಕಲಿಸುತ್ತಿದ್ದ ಒಬ್ಬ ಟೀಚರನ್ನು ಕರೆದು ದುಭಾಷಿ ಮಾಡಿಕೊಂಡರು.

ಆ ಸಲ ಮಾರಾಟಕ್ಕಿದ್ದದ್ದು ಬೂಟಿನ ಕಾರ್ಖಾನೆ. ಅಲ್ಲಿ ಅಟ್ಟೆ ಒತ್ತುವ ಯಂತ್ರದ ಮುಂದೆ ನಿಲ್ಲುತ್ತಿದ್ದವನು ಈಕೆಯ ಗಂಡ. ಕಾರ್ಮಿಕರು ಕೈ ಎತ್ತಿ ಒಪ್ಪದೆ ಮಾರಕೂಡದೆಂಬ ನಿಯಮವಿತ್ತು. ಹಾಗಾಗಿ ಕ್ಯಾಂಟೀನಿನ ಜಿಡ್ಡುಮೇಜುಗಳನ್ನು ಗೋಡೆಗೆ ತಳ್ಳಿ ಸಭೆ ಕರೆದರು.

ಕೊಳ್ಳುವ ವಿದೇಶಿ ಕಂಪನಿಯ ಪ್ರತಿನಿಧಿ ಏನನ್ನೂ ಮುಚ್ಚಿಡಲಿಲ್ಲ. ತಮಗೆ ಬೇಕಿರುವುದು ಬೂಟಿನ ಹೆಸರು ಮತ್ತು ಅಂಗಡಿಗಳು. ಬೂಟು ಬೇರೆ ದೇಶದಲ್ಲಿ ತಯಾರಾಗುತ್ತದೆ. ಬೇಸಿಗೆಯೊಳಗೆ ಇಲ್ಲಿನ ಯಂತ್ರಗಳು ನಿಲ್ಲುತ್ತವೆ ಎಂದ. ತನ್ನ ಮಾತು ಸೋಸಿಯೇ ಜನರಿಗೆ ಮುಟ್ಟುತ್ತದೆಂದು ಅವನಿಗೆ ಗೊತ್ತಿದ್ದಿರಬೇಕು.

ಇಲಾಖೆಯ ಅಧಿಕಾರಿ ಆಕೆಯ ಕಿವಿಯತ್ತ ಬಗ್ಗಿದ. "ಸುಧಾರಣೆ ಅಂತ ಹೇಳ್ಬಿಡಿ ಮೇಡಂ, ಸಾಕು."

"ಅವರು ಹೇಳಿದ್ದು ಅದಲ್ಲವಲ್ಲ ಸರ್."

ಆಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಕಾರ್ಖಾನೆ ಮುಚ್ಚುತ್ತದೆ, ಎಲ್ಲರ ಕೆಲಸವೂ ಹೋಗುತ್ತದೆ.

ಅಧಿಕಾರಿ ಮೈಕು ಕಿತ್ತುಕೊಂಡ. "ನೋಡ್ರಪ್ಪಾ, ಅಮ್ಮಾವ್ರಿಗೆ ಮಕ್ಕಳಿಗೆ ಪಾಠ ಹೇಳಿ ಅಭ್ಯಾಸ. ವ್ಯಾಪಾರದ ಭಾಷೆ ಬೇರೆ. ಯಂತ್ರ ನಿಲ್ಸೋದು ರಿಪೇರಿಗೆ. ಹೊಸದು ಬರತ್ತೆ, ಸಂಬಳಾನೂ ಏರತ್ತೆ."

"ಟೀಚರಮ್ಮನ್ನೇ ಬೆಂಚಿನ ಮೇಲೆ ನಿಲ್ಸಿ ಸಾರ್," ಎಂದು ಹಿಂದಿನಿಂದ ಒಬ್ಬ ಕೂಗಿದ. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಸುಳ್ಳು ಹೇಳಿದವನಿಗಿಂತ ನಕ್ಕವರನ್ನು ನೆನೆದರೆ ಹೇಸಿಗೆಯಾಗುತ್ತದೆ. ಕೈಗಳು ಎದ್ದವು. ಅಕ್ಕಪಕ್ಕ ನೋಡಿಕೊಂಡು, ಕೊಂಚ ತಡವಾಗಿ, ಗಂಡನ ಕೈಯೂ ಎದ್ದಿತು.

"ಅಷ್ಟು ಜನದ ಮುಂದೆ ನನ್ನ ಮರ್ಯಾದೆ ತೆಗೆದೆಯಲ್ಲ," ಎಂದ ಮನೆಗೆ ಬಂದು.

"ಆ ಕಂಪನಿಯವನು ಹೇಳಿದ್ದೇ ಅದು ಕಣ್ರೀ."

"ಅಷ್ಟು ದೊಡ್ಡ ಆಫೀಸರಿಗೆ ತಿಳೀದೇ ಇದ್ದದ್ದು ನಿನಗೆ ತಿಳೀತಾ?"

ಮರುದಿನವೇ ಇಲಾಖೆ ಆಕೆಯನ್ನು ಶಾಲೆಗೆ ಅಟ್ಟಿತು. ಬೇಸಿಗೆಗೆ ಮೊದಲೇ ಯಂತ್ರಗಳು ಗುಜರಿ ಸೇರಿದವು. ಅಧಿಕಾರಿ ಅದೇ ಕಂಪನಿಯ ಸಲಹೆಗಾರನಾದ. ಬ್ಯಾಂಕಿನವರು ಬಂದು, ಮಾರಾಟ ಮಾದರಿಯಾಗಿ ನಡೆಯಿತೆಂದು ಹೊಗಳಿ, ಉಂಡು ಹೋದರು.

ಗಂಡ ಈಗ ಹಗಲೆಲ್ಲ ಕಿಟಕಿಯ ಪಕ್ಕ ಕೂತಿರುತ್ತಾನೆ. ಸಂಸಾರ ಸಾಗುವುದು ಟೀಚರಮ್ಮನ ಸಂಬಳದಲ್ಲಿ. ಮೊನ್ನೆ ಆಕೆ ಶಾಲೆಗೆ ಹೊರಟಾಗ ತಲೆ ಎತ್ತದೆ ಹೇಳಿದ: "ಅವತ್ತು ನೀನು ಸ್ವಲ್ಪ ಒತ್ತಿ ಹೇಳ್ಬೇಕಿತ್ತು ಕಣೆ."

ಆಕೆ ಬಾಗಿಲೆಳೆದುಕೊಂಡು ಬೀದಿಗಿಳಿದಳು.