ಅಜ್ಜಿಯನ್ನು ಕೇಳಿಬರುವ ಅಂಗಳ

ನಮ್ಮ ಬೆಕ್ವಾಯ್ ಸೀಮೆಯಲ್ಲಿ ನ್ಯಾಯ ಹೇಳಲು ಕೂತ ಹಿರಿಯರು ಎರಡೂ ಕಡೆಯ ಮಾತು ಮುಗಿದ ಮೇಲೆ ಎದ್ದು, ಹೆಗಲ ಬಟ್ಟೆ ಸರಿಮಾಡಿಕೊಂಡು, “ಅಜ್ಜಿಯನ್ನು ಕೇಳಿ ಬರ್ತೀವಿ” ಅನ್ನುತ್ತಾರೆ. ಎಷ್ಟೋ ಊರುಗಳಲ್ಲಿ ಇದು ಬರೀ ಮಾತು. ಗೋಡೆಯ ಹಿಂದೆ ಹೋಗಿ ತಮ್ಮತಮ್ಮಲ್ಲೇ ಗುಸುಗುಸು ಮಾಡಿ ಬರುತ್ತಾರೆ. ನಮ್ಮ ಕೇರಿಯಲ್ಲಿ ಮಾತ್ರ ಅಜ್ಜಿ ನಿಜಕ್ಕೂ ಇದ್ದಾಳೆ. ಹೆಸರು ಡುಫಿಯೆ. ಎಂಬತ್ತು ದಾಟಿದೆ. ಒಳಂಗಳದಲ್ಲಿ ಗಿಡ್ಡ ಮಣೆಯ ಮೇಲೆ ಕೂತು ಎಲ್ಲ ಕೇಳುತ್ತಾಳೆ, ಬೈಯಬೇಕಾದವರಿಗೆ ಬೈಯುತ್ತಾಳೆ, ಆಮೇಲೆ ದಾರಿ ಹೇಳುತ್ತಾಳೆ. ಹೊರಗೆ ಬರುವುದು ತೀರ್ಪು ಮಾತ್ರ. ಯಾರು ಏನೆಂದರು, ಯಾರು ಬೈಸಿಕೊಂಡರು ಎಂಬುದು ಅಂಗಳದಲ್ಲೇ ಉಳಿಯಬೇಕು. ಆ ಭರವಸೆಯಿಂದಲೇ ಊರಿನ ದೊಡ್ಡ ದೊಡ್ಡ ಮೀಸೆಗಳು ಅಲ್ಲಿಗೆ ಹೋಗುತ್ತಿದ್ದವು.

ಅವಳ ಮನೆಗೆ ಎದುರಾಗಿ ನನ್ನ ಎಲೆಕ್ಟ್ರಿಕಲ್ ಅಂಗಡಿ. ಫ್ಯಾನು, ಬಲ್ಬು ಮಾರುವವನಿಗೆ ಎದುರುಮನೆಯ ಸುದ್ದಿ ಪುಕ್ಕಟೆಯಾಗಿ ಸಿಗುತ್ತದೆ. ಅಜ್ಜಿ ಬಚ್ಚಲ ಬಳಿ ಜಾರಿಬಿದ್ದದ್ದು ನನಗೆ ಅಂದೇ ಗೊತ್ತಾಯಿತು. ಅವಳ ಮಗಳು ಫೋರಿವಾಗೆ ಮಾತ್ರ ಗೊತ್ತಾದದ್ದು ಗಾಯ ಮಾಯ್ದ ಮೇಲೆ. ಮನೆಯಲ್ಲಿ ಸೋದರ ಸೊಸೆಯರು, ಅವರ ಮಕ್ಕಳು, ಬಾಡಿಗೆಯವರು ಎಲ್ಲ ಸೇರಿ ಸಂತೆಯಷ್ಟು ಜನ. ಆದರೂ ಒಬ್ಬರೂ ಬಾಯಿಬಿಟ್ಟಿರಲಿಲ್ಲ. ಫೋರಿವಾ ದೂರದ ಟೆಮಾ ಬಂದರಿನಲ್ಲಿ ಸುಂಕ ಕಟ್ಟಿ ಮಾಲು ಬಿಡಿಸುವ ಕೆಲಸದವಳು. ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬದಿರುವುದೇ ಅವಳ ಕಸುಬು. ಸೀದಾ ನನ್ನ ಅಂಗಡಿಗೆ ಬಂದು ಕ್ಯಾಮೆರಾ ಕೇಳಿದಳು.

“ಮನೆ ತುಂಬ ಜನ ಇದಾರಲ್ಲ, ಇದ್ಯಾಕೆ?” ಎಂದೆ.

“ಜನ ಮುಚ್ಚಿಡ್ತಾರೆ ಬಾಫೊ ಅಣ್ಣ. ಇದು ಮುಚ್ಚಿಡಲ್ಲ.”

ಗಿರಾಕಿಯ ಜೊತೆ ವಾದ ಮಾಡುವ ಅಭ್ಯಾಸ ನನಗಿಲ್ಲ. ಏಣಿ ತಂದು ಒಳಂಗಳದ ಗೋಡೆಗೆ ಹಾಕಿದೆ.

ಅಜ್ಜಿ ಕೆಳಗೆ ನಿಂತು ನೋಡುತ್ತಿದ್ದಳು. “ಅದು ಕಣ್ಣು ಮಿಟುಕಿಸಲ್ವೇನೋ?”

“ಇಲ್ಲ ಅಜ್ಜಿ.”

“ನಿದ್ದೆ?”

“ಮಾಡಲ್ಲ.”

“ಅಂಥ ಕೂಸನ್ನ ಯಾರಾದ್ರೂ ಮನೇಲಿ ಇಟ್ಕೋತಾರಾ?”

ಮಗಳು ಟೆಮಾಕ್ಕೆ ವಾಪಸ್ ಹೋದದ್ದೇ ತಡ, ಕೋಲಿನಿಂದ ಅದರ ಮೇಲೆ ತನ್ನ ತಲೆವಸ್ತ್ರ ಹೊದಿಸಿದಳಂತೆ. ಕ್ಯಾಮೆರಾದ ಒಳಗಿನಿಂದ ಫೋರಿವಾಳ ದನಿ ಬಂತು: “ಅಮ್ಮಾ, ಬಟ್ಟೆ ತೆಗಿ.” ಕೋಳಿಗಳು ದಿಕ್ಕಾಪಾಲಾದವು. ಅಜ್ಜಿ ಬಟ್ಟೆ ತೆಗೆದಳು, ಮನಸ್ಸಿಲ್ಲದ ಮನಸ್ಸಿನಿಂದ. ಟೆಲಿಫೋನಿನಂತೆ ಮಗಳು ಮಾತಾಡುವಾಗ ಮಾತ್ರ ಅದಕ್ಕೆ ಕಿವಿ ಬರುತ್ತದೆ ಎಂದು ಅವಳೂ ಅಂದುಕೊಂಡಳು, ಕೇರಿಯೂ ಅಂದುಕೊಂಡಿತು.

ಆಮೇಲೆ ಕೇರಿಯ ಅನ್ಸಾ ಎಂಬವಳ ವ್ಯಾಜ್ಯ ಬಂತು. ಗಂಡ ತೀರಿಕೊಂಡಿದ್ದ. ನಮ್ಮಲ್ಲಿ ಗಂಡಸಿನ ಆಸ್ತಿ ಅವನ ಅಕ್ಕತಂಗಿಯರ ಮಕ್ಕಳಿಗೆ ಸೇರುತ್ತದೆ. ಅವನ ಅಕ್ಕನ ಮಕ್ಕಳು, ಕೋಣೆ ನಮ್ಮ ಕುಟುಂಬದ್ದು, ಖಾಲಿ ಮಾಡು ಎಂದು ಕೂತಿದ್ದರು. ಆ ಕುಟುಂಬದ ಹಿರಿಯ ಬೊವಾದಿಯೂ ಅವರ ಕಡೆಗೇ ವಾಲಿದ್ದ. ಅವನೂ ಸೇರಿ ಹಿರಿಯರು ಐವರು ಅಜ್ಜಿಯ ಬಳಿ ಹೋಗಿ ಬಂದರು. ವರ್ಷದ ಕಾರ್ಯ ಆಗುವ ತನಕ ಅನ್ಸಾ ಕೋಣೆ ಬಿಡಬೇಕಿಲ್ಲ ಎಂದು ತೀರ್ಪಾಯಿತು. ಎಲ್ಲರೂ ಒಪ್ಪಿದರು.

ವಾರದೊಳಗೆ ಮಾರುಕಟ್ಟೆಯಲ್ಲಿ ಟೊಮೇಟೊ ಮಾರುವ ಪೊಮಾ, ಅಜ್ಜಿಯ ಸಂಬಂಧಿಯೇ, ಅಜ್ಜಿಯ ದನಿಯನ್ನೇ ಅಣಕಿಸಿ ಆಡತೊಡಗಿದಳು: “ಬೊವಾದಿ, ಅವಳ ಕೈಯಡುಗೆ ತಿಂದು ಹೊಟ್ಟೆ ಬೆಳೆಸಿ, ಈಗ ಅದೇ ಹೊಟ್ಟೆಯಿಂದ ಅವಳನ್ನ ಹೊರಗೆ ತಳ್ತೀಯೇನೋ?” ಮೀನಿನವರು, ಗೆಣಸಿನವರು ಎಲ್ಲ ಬಿದ್ದು ಬಿದ್ದು ನಕ್ಕರು.

ಬೊವಾದಿ ಅಜ್ಜಿಯ ಮನೆಯ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ.

“ನಿಮ್ಮ ಬೈಗುಳ ನುಂಗ್ಕೊಂಡಿದ್ದೆ ಅಜ್ಜಿ. ಅದನ್ನ ಟೊಮೇಟೊ ಗುಡ್ಡೆ ಜೊತೆ ಮಾರಿಸಿದ್ರಲ್ಲ!”

“ನಾನಾ?”

“ಹೋದೋರು ಐದು ಜನ. ಐದೂ ಜನ ಆಣೆ ಇಟ್ಟಿದೀವಿ. ಉಳಿದೋರು ಯಾರು, ನೀವೇ ಹೇಳಿ.”

ಮುಂದಿನ ವ್ಯಾಜ್ಯದಲ್ಲಿ ಹಿರಿಯರು ಎದ್ದರು, ವಾಡಿಕೆಯ ಮಾತು ಹೇಳಿದರು, ಶಾಲೆಯ ಗೋಡೆಯ ಹಿಂದಕ್ಕೆ ಹೋದರು. ಅಜ್ಜಿ ಮಣೆ ಹಾಕಿಕೊಂಡು ಕಾದಳು. ಅವರಿಗೆಂದು ಗೆಣಸು ಕುಟ್ಟಿ ಮಾಡಿದ ಫುಫು ಮುದ್ದೆ ತಣ್ಣಗಾಯಿತು.

ಅಲ್ಲಿಂದ ಅವಳಿಗೆ ಕಂಡವರ ಮೇಲೆಲ್ಲ ಅನುಮಾನ. ಬಟ್ಟೆ ಒಣಹಾಕುವ ಬಾಡಿಗೆಯವಳು ಯಾಕೆ ಅಷ್ಟು ಹೊತ್ತು ಹಿಂಡುತ್ತಾಳೆ? ಸೊಸೆ ಯಾಕೆ ಮೆಲ್ಲಗೆ ನಡೆಯುತ್ತಾಳೆ? ನನ್ನ ಸರದಿಯೂ ಬಂತು.

“ನಿನ್ನ ಅಂಗಡಿ ಬಾಗಿಲು ಯಾವಾಗ್ಲೂ ನಮ್ಮ ಕಡೆಗೇ ತೆರ್ಕೊಂಡಿರುತ್ತಲ್ಲೋ ಬಾಫೊ.”

“ಬೀದಿ ಈ ಕಡೆಗಿದೆ ಅಜ್ಜಿ. ಗೋಡೆ ಕಡೆ ತೆರೆದ್ರೆ ಗಿರಾಕಿ ಎಲ್ಲಿಂದ ಬರಬೇಕು?”

ಅವಳು ನಗಲಿಲ್ಲ.

ಒಂದು ಶನಿವಾರ ಮನೆಮಂದಿಯೆಲ್ಲ ಕಪ್ಪು, ಕೆಂಪು ಉಟ್ಟು ಸಾವಿನ ಕಾರ್ಯಕ್ಕೆ ಹೊರಟುಹೋದರು. ಅಜ್ಜಿ ನನಗೂ ಅಂಗಡಿ ಬಾಗಿಲು ಹಾಕಿಕೊಂಡು ಹೋಗು ಎಂದಳು. ಆಮೇಲೆ ಅಂಗಳದಲ್ಲಿ ಒಬ್ಬಳೇ ನಿಂತು ಕೋಳಿಗಳಿಗೆ ಕಾಳು ಎರಚುತ್ತ, ತನ್ನ ಕೋಕೋ ತೋಟವನ್ನು ಬೊವಾದಿಗೆ ಬರೆದುಕೊಡುತ್ತೇನೆ ಎಂದು ಗಟ್ಟಿಯಾಗಿ ಹೇಳಿದಳಂತೆ.

ಭಾನುವಾರ ಚರ್ಚು ಬಿಡುವ ಮೊದಲೇ ಫೋರಿವಾಳ ಕಾರು ಬಂತು. ಅವಳ ಕೂಗು ಬೀದಿಗೆಲ್ಲ ಕೇಳಿಸಿತು.

“ಅಮ್ಮಾ, ತೋಟಾನ ಬೊವಾದಿಗೆ ಕೊಡ್ತೀಯಂತೆ?”

“ಯಾರು ಹೇಳಿದ್ದು?”

ಮಗಳ ಕಣ್ಣು ಗೋಡೆಯ ಕ್ಯಾಮೆರಾ ಕಡೆ ಹೋಯಿತು.

“ನಾನು ಕೋಳಿಗೆ ಹೇಳಿದ್ದು ಮಗಳೇ. ಕೋಳಿ ಟೆಮಾವರೆಗೂ ಬಂದಿತ್ತಾ?”

ಫೋರಿವಾ ತಲೆ ತಗ್ಗಿಸಿದಳು. “ಅವತ್ತು ಐದು ಜನ ಗಂಡಸರು ನಿನ್ನ ಸುತ್ತ ಕೂತಿದ್ದು ಕಾಣ್ತು. ಏನಾಯ್ತೋ ಅಂತ ಹೆದ್ರಿ ಕೇಳಿಸ್ಕೊಂಡೆ. ಬೊವಾದಿಗೆ ಬೈದಿದ್ದು ಕೇಳಿ ನಗು ಬಂತು. ಪೊಮಾಗೆ ಹೇಳ್ದೆ. ನೀನು ಬಿದ್ದಿದ್ದನ್ನ ನನಗೆ ಯಾರಾದ್ರೂ ಹೇಳಿದ್ರಾ?”

“ಹೇಳಬೇಡಿ ಅಂದಿದ್ದು ನಾನೇ. ನಾನು ಬಿದ್ದಿದ್ದು ನನ್ನ ಸುದ್ದಿ. ಬೊವಾದಿ ಬೈಸ್ಕೊಂಡಿದ್ದು ಅವನ ಸುದ್ದಿ. ಅದರಲ್ಲಿ ನಿಂದು ಯಾವುದಿತ್ತು?”

ಅಂದೇ ಮಧ್ಯಾಹ್ನ ಫೋರಿವಾ ಚಪ್ಪಲಿ ಕಳಚಿ, ಒಂದು ಕುರಿ, ಒಂದು ಬಾಟಲಿ ಸಾರಾಯಿ ಇಟ್ಟು ಬೊವಾದಿಯ ಮುಂದೆ ತಪ್ಪೊಪ್ಪಿಕೊಂಡಳು. ಬೊವಾದಿ ಕುರಿಯನ್ನು ಒಪ್ಪಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ತಪ್ಪೊಪ್ಪಿಗೆಗೆ ಮಾತ್ರ, ನೋಡೋಣ ಎಂದ. ನಾನು ಮತ್ತೆ ಏಣಿ ಹತ್ತಿ ಕ್ಯಾಮೆರಾ ಬಿಚ್ಚಿದೆ.

“ವಾಪಸ್ ತಗೋ” ಎಂದಳು ಅಜ್ಜಿ.

“ಮಾರಿದ ಮಾಲು ವಾಪಸ್ಸಿಲ್ಲ ಅಜ್ಜಿ.”

ಮಗಳು ಅಳುತ್ತಿದ್ದಳು. ಅಜ್ಜಿ ಅವಳನ್ನು ನೋಡಿ ನನ್ನ ಕಡೆ ತಿರುಗಿದಳು. “ಬಿದ್ರೆ ಗೊತ್ತಾಗಬೇಕು, ಮಾತಾಡಿದ್ರೆ ಗೊತ್ತಾಗಬಾರದು. ಅಂಥದ್ದೇನಾದ್ರೂ ಇದೆಯಾ ನಿನ್ನ ಹತ್ರ?”

ಇತ್ತು. ಕೊರಳಿಗೆ ಹಾಕಿಕೊಳ್ಳುವ ಗುಂಡಿ. ಬಿದ್ದಾಗ ಒತ್ತಿದರೆ ಮಗಳ ಫೋನು ಬಡಿದುಕೊಳ್ಳುತ್ತದೆ. ಮಳೆ ಶುರುವಾಗುವ ತನಕ ಅಜ್ಜಿ ಅದನ್ನು ಹಾಕಿಕೊಂಡೇ ಓಡಾಡಿದಳು.

ಮಳೆಯ ಜೊತೆಗೇ ಅಣ್ಣತಮ್ಮಂದಿರ ಬೇಲಿಯ ಜಗಳವೊಂದು ಹಿರಿಯರ ಮುಂದೆ ಬಂತು. ಅವರು ಎದ್ದರು, ಶಾಲೆಯ ಕಡೆ ಎರಡು ಹೆಜ್ಜೆ ಹಾಕಿದರು, ನಿಂತರು, ಈ ಕಡೆಗೆ ತಿರುಗಿದರು. ಬಾಗಿಲಲ್ಲಿ ಬೊವಾದಿ ಮೊದಲು ಗೋಡೆ ನೋಡಿದ, ಆಮೇಲೆ ಬಲ್ಬು ನೋಡಿದ, ಕೊನೆಗೆ ಅಜ್ಜಿಯ ಕೊರಳು ನೋಡಿದ.

“ಅದೇನದು?”

“ಬಿದ್ರೆ ಒತ್ತೋದು.”

“ಕೇಳಿಸ್ಕೊಳ್ಳುತ್ತಾ?”

“ಇಲ್ಲ, ಆಣೆಗೂ ಇಲ್ಲ” ಎಂದೆ, ಅಂಗಡಿಯಿಂದಲೇ.

“ಮಾರಿದೋನು ನೀನೇ ಅಲ್ವಾ?” ಎಂದ ಬೊವಾದಿ. ಕಾಲು ಎತ್ತಲಿಲ್ಲ.

ಅಜ್ಜಿ ಕೋಲೂರಿಕೊಂಡು ಬೀದಿ ದಾಟಿ ಬಂದಳು. ಕೊರಳಿನ ಗುಂಡಿ ಬಿಚ್ಚಿ ನನ್ನ ಗಲ್ಲಾಪೆಟ್ಟಿಗೆಯ ಮೇಲಿಟ್ಟಳು.

“ಒಳಗೆ ಧಡ್ ಅಂತ ಸದ್ದಾದ್ರೆ ಓಡಿ ಬಾ. ಮಾತು ಕೇಳಿಸಿದ್ರೆ ರೇಡಿಯೋ ಹಾಕ್ಕೋ.”

ಹಿರಿಯರು ಅವಳ ಹಿಂದೆ ಒಳಗೆ ಹೋದರು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಯಾರಿಗೋ ಜೋರಾಗಿ ಬೈಯತೊಡಗಿದಳು. ನಾನು ರೇಡಿಯೋ ಹಾಕಿದೆ.